ಬಲಮುರಿ ಅಣು, ಎಡಮುರಿ ಅಣು

ಮನೆಯ ಔಷಧದ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ನೆಗಡಿ, ಸೀನು, ಮೈತುರಿಕೆಗೆಂದು ವೈದ್ಯರು ಯಾವಾಗಲೋ ಬರೆದುಕೊಟ್ಟ ಸೆಟಿರಿಜಿನ್ ಮಾತ್ರೆ ಅದರಲ್ಲಿ ಇದ್ದೀತು. ಹಾಳೆಯ ಹಿಂಭಾಗದಲ್ಲಿ 10 ಮಿ.ಗ್ರಾಂ. ಎಂದು ಅಚ್ಚಾಗಿರುತ್ತದೆ. ಅದೇ ಡಬ್ಬಿಯಲ್ಲಿ ಲೀವೋಸೆಟಿರಿಜಿನ್ ಎಂಬ ಇನ್ನೊಂದು ಮಾತ್ರೆ ಸಿಕ್ಕರೆ ಅದರ ಮೇಲೆ 5 ಮಿ.ಗ್ರಾಂ. ಎಂದಿರುತ್ತದೆ. ಎರಡೂ ಮಾಡುವ ಕೆಲಸ ಒಂದೇ. ಹಾಗಾದರೆ ಉಳಿದ 5 ಮಿಲಿಗ್ರಾಂ ಎಲ್ಲಿಗೆ ಹೋಯಿತು?

ಮೊದಲನೆಯ ಮಾತ್ರೆಯಲ್ಲಿ ಇರುವುದು ಒಂದು ಬಗೆಯ ಅಣುವಲ್ಲ, ಎರಡು ಬಗೆ. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ, ಅದೇ ಅನುಕ್ರಮದಲ್ಲಿ ಕೂಡಿಕೊಂಡಿವೆ. ಆದರೆ ಒಂದು ಇನ್ನೊಂದರ ಕನ್ನಡಿಯ ಬಿಂಬ. ದೇಹದಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಆ ಎರಡರಲ್ಲಿ ಒಂದು. ಇನ್ನೊಂದು ಬಸ್ಸಿನಲ್ಲಿ ಸುಮ್ಮನೆ ಕುಳಿತು ಬಂದ ಪ್ರಯಾಣಿಕ. ಆ ಪ್ರಯಾಣಿಕನನ್ನು ಇಳಿಸಿಬಿಟ್ಟರೆ ಉಳಿಯುವುದೇ ಲೀವೋಸೆಟಿರಿಜಿನ್. ಅರ್ಧ ತೂಕ, ಪೂರ್ತಿ ಕೆಲಸ.

ಹೇಳುವಷ್ಟು ಸುಲಭವಲ್ಲ ಈ ಇಳಿಸುವ ಕೆಲಸ. ಬೇಡದ ಬಿಂಬ ಹುಟ್ಟಿದ ಮೇಲೆ ಬೇರ್ಪಡಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಲೇಸು. ಆ ವಿದ್ಯೆಗೆ ಒಂದು ಹೊಸ, ಅಗ್ಗದ ದಾರಿ ತೋರಿಸಿದ್ದಕ್ಕಾಗಿ 2021ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಜರ್ಮನಿಯ ಬೆಂಜಮಿನ್ ಲಿಸ್ಟ್ ಮತ್ತು ಅಮೆರಿಕದಲ್ಲಿ ನೆಲೆಸಿದ ಸ್ಕಾಟ್ಲೆಂಡಿನ ಡೇವಿಡ್ ಮೆಕ್‌ಮಿಲನ್ ಅವರ ಪಾಲಾಯಿತು. ಲಿಸ್ಟ್ ಅವರ ಪ್ರಯೋಗಾಲಯದಲ್ಲಿ ಪಳಗಿದ ವಿಜ್ಞಾನಿಯೊಬ್ಬರು ಅದೇ ವಿದ್ಯೆಯನ್ನು ಬೆಂಗಳೂರಿನಲ್ಲಿ ಬೆಳೆಸುತ್ತಿದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಕಾಪುವಿನ ಶಂಖ, ಕಾರ್ಕಳದ ಗೊಮ್ಮಟ

ಕಾಪುವಿನ ದೀಪಸ್ತಂಭದ ಬುಡದಲ್ಲಿ, ತೆರೆ ಹಿಂದೆ ಸರಿದಾಗ, ಮಕ್ಕಳು ಆಯ್ದುಕೊಳ್ಳುವ ಸುರುಳಿ ಚಿಪ್ಪುಗಳನ್ನು ಗಮನಿಸಿ. ಚೂಪು ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಬರುವಂತೆ ಹಿಡಿದರೆ ಬಾಯಿ ಹೆಚ್ಚುಕಡಿಮೆ ಎಲ್ಲದರಲ್ಲೂ ಬಲಗಡೆಗೇ ಇರುತ್ತದೆ. ಎಡಗಡೆಗೆ ಬಾಯಿ ತೆರೆಯುವ ಶಂಖ ಬಲು ಅಪರೂಪ. ಅದಕ್ಕೇ ಅದಕ್ಕೆ ಪೂಜೆ, ಅದಕ್ಕೇ ಬೆಲೆ. ಸ್ವಾರಸ್ಯವೆಂದರೆ ಪ್ರಾಣಿಶಾಸ್ತ್ರದವರು ಎಡಸುರುಳಿ ಎನ್ನುವ ಈ ಶಂಖವನ್ನೇ ನಾವು ಬಲಮುರಿ ಎನ್ನುವುದು. ತಪ್ಪು ಯಾರದ್ದೂ ಅಲ್ಲ. ಅವರು ಶಂಖವನ್ನು ಹಿಡಿಯುವ ಬಗೆಗೂ ಪೂಜೆಯಲ್ಲಿ ಹಿಡಿಯುವ ಬಗೆಗೂ ತಲೆಕೆಳಗಿನ ವ್ಯತ್ಯಾಸ, ಅಷ್ಟೆ.

ಬಲಮುರಿ ಗಣಪತಿಯ ಮುಂದೆ ಕನ್ನಡಿ ಹಿಡಿದರೆ ಕಾಣುವುದು ಎಡಮುರಿ ಗಣಪತಿ. ವಿಗ್ರಹವನ್ನು ಎಷ್ಟು ತಿರುಗಿಸಿದರೂ ಅದು ತನ್ನ ಬಿಂಬದಂತೆ ಆಗದು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದುವುದಿಲ್ಲವಲ್ಲ, ಹಾಗೆ. ಈ ಗುಣಕ್ಕೆ ರಸಾಯನ ವಿಜ್ಞಾನದಲ್ಲಿ ಕೈರಾಲಿಟಿ ಎನ್ನುತ್ತಾರೆ. ಕೈ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಕನ್ನಡದ ಕಿವಿಗೂ ಅದರಲ್ಲಿ ‘ಕೈ’ ಕೇಳಿಸುವುದು ಒಂದು ಸುಂದರ ಆಕಸ್ಮಿಕ.

ಇನ್ನು ಕಾರ್ಕಳದ ಬೆಟ್ಟ ಹತ್ತಿ. 1432ರಲ್ಲಿ ಪ್ರತಿಷ್ಠಾಪನೆಗೊಂಡ, ಸುಮಾರು 42 ಅಡಿ ಎತ್ತರದ ಗೊಮ್ಮಟನ ಕತೆ ಬೇರೆ. ಸ್ಥೂಲವಾಗಿ ನೋಡಿದರೆ ಅವನ ಎಡಭಾಗ ಬಲಭಾಗದ ಪ್ರತಿರೂಪ. ಕನ್ನಡಿಯಲ್ಲಿ ಕಂಡರೂ ಅವನು ಅವನೇ. ಇದು ಸಮಮಿತಿ. ಆದರೆ ಒಂದು ಊಹೆ ಮಾಡಿ: ಅವನ ಮೈಗೆ ಸುತ್ತಿಕೊಂಡಿರುವ ಬಳ್ಳಿಯನ್ನು ಶಿಲ್ಪಿ ಎರಡೂ ತೋಳಿಗೆ ಹಬ್ಬಿಸುವ ಬದಲು ಒಂದೇ ತೋಳಿಗೆ ಹಬ್ಬಿಸಿದ್ದರೆ? ಆ ಕ್ಷಣವೇ ಸಮಮಿತಿ ಮುರಿಯುತ್ತಿತ್ತು. ಬಲತೋಳಿಗೆ ಬಳ್ಳಿಯಿರುವ ಗೊಮ್ಮಟ, ಎಡತೋಳಿಗೆ ಬಳ್ಳಿಯಿರುವ ಗೊಮ್ಮಟ ಎಂದು ಎರಡು ಬೇರೆ ಬೇರೆ ಮೂರ್ತಿಗಳಾಗುತ್ತಿದ್ದವು. ಈ ಊಹೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಣುಗಳಲ್ಲಿ ಈ ಕೈಭೇದ ಹುಟ್ಟುವುದು ಹೆಚ್ಚಾಗಿ ಇಂಗಾಲದಿಂದ. ಇಂಗಾಲಕ್ಕೆ ನಾಲ್ಕು ತೋಳು. ನಾಲ್ಕಕ್ಕೂ ಬೇರೆ ಬೇರೆ ಗುಂಪುಗಳು ಅಂಟಿಕೊಂಡರೆ ಜೋಡಣೆ ಎರಡು ರೀತಿಯಲ್ಲಿ ಸಾಧ್ಯ, ಒಂದು ಇನ್ನೊಂದರ ಬಿಂಬ. ದ್ವಿತೀಯ ಪಿಯುಸಿಯ ಹ್ಯಾಲೋಆಲ್ಕೇನ್ ಅಧ್ಯಾಯದಲ್ಲಿ ಇದು ಬರುತ್ತದೆ. ಪರೀಕ್ಷೆಯ ಎರಡು ಅಂಕಕ್ಕಾಗಿ ಉರುಹೊಡೆದು ಮರುದಿನ ಮರೆಯುವ ಪಾಠಗಳಲ್ಲಿ ಇದೂ ಒಂದಾಗಿದೆ ಎಂಬುದು ಬೇಸರದ ಮಾತು. ಒಂದು ಬೆಂಕಿಪೊಟ್ಟಣದ ಕಡ್ಡಿ, ನಾಲ್ಕು ಬಣ್ಣದ ಜೇಡಿಮಣ್ಣಿನ ಉಂಡೆ ಇದ್ದರೆ ಹತ್ತು ನಿಮಿಷದಲ್ಲಿ ಮನದಟ್ಟಾಗುವ ವಿಷಯವಿದು.

ಹುಣಸೆಹುಳಿಯ ಪಾಠ

ಜೀವಲೋಕ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಮ್ಮ ಪ್ರೋಟೀನುಗಳಲ್ಲಿರುವ ಅಮೈನೋ ಆಮ್ಲಗಳೆಲ್ಲ, ಕೈಭೇದವೇ ಇಲ್ಲದ ಗ್ಲೈಸಿನ್ ಒಂದನ್ನು ಬಿಟ್ಟರೆ, ಒಂದೇ ಕೈಯವು. ಉಡುಪಿಯ ಸಾಂಬಾರಿಗೆ ಹಿಂಡುವ ಹುಣಸೆಹುಳಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಮರ ಅದನ್ನು ಒಂದೇ ಕೈಯಲ್ಲಿ ತಯಾರಿಸುತ್ತದೆ. ದ್ರಾಕ್ಷಿಯಲ್ಲಿರುವುದೂ ಅದೇ. ಈ ಆಮ್ಲವೇ ಕೈಭೇದದ ಗುಟ್ಟನ್ನು ಹೊರಗೆಡವಿದ್ದು. 1848ರಲ್ಲಿ ಇಪ್ಪತ್ತೈದರ ತರುಣ ಲೂಯಿ ಪಾಶ್ಚರ್ ಇದರ ಸಂಬಂಧಿಯಾದ ಒಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಹರಳುಗಳು ಎರಡು ಬಗೆಯವು, ಒಂದು ಇನ್ನೊಂದರ ಬಿಂಬ! ಅಕ್ಕಿಯಿಂದ ಕಲ್ಲು ಆರಿಸುವಂತೆ ಅವನ್ನು ಚಿಮುಟದಿಂದ ಆರಿಸಿ ಎರಡು ಗುಂಪು ಮಾಡಿದ. ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ ಧ್ರುವೀಕೃತ ಬೆಳಕನ್ನು ಹಾಯಿಸಿದಾಗ ಒಂದು ಬೆಳಕಿನ ತಲವನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ.

ಇದನ್ನು ಮನೆಯಲ್ಲೇ ಸ್ವಲ್ಪಮಟ್ಟಿಗೆ ಕಾಣಬಹುದು. ಎಲ್‌ಸಿಡಿ ಬಗೆಯ ಕಂಪ್ಯೂಟರ್ ಪರದೆಯಿಂದ ಬರುವುದು ಧ್ರುವೀಕೃತ ಬೆಳಕು. ಪರದೆಯ ಮೇಲೆ ಬರಿಯ ಬಿಳಿ ಹಾಳೆ ಮೂಡಿಸಿ, ಅದರ ಮುಂದೆ ಗಾಜಿನ ಲೋಟದಲ್ಲಿ ಗಟ್ಟಿ ಸಕ್ಕರೆ ಪಾಕ ಇಡಿ. ಪೋಲರಾಯ್ಡ್ ತಂಪುಕನ್ನಡಕವನ್ನು ಕಣ್ಣಿನ ಮುಂದೆ ನಿಧಾನವಾಗಿ ತಿರುಗಿಸುತ್ತ ನೋಡಿದರೆ ಪಾಕದ ಬಣ್ಣ ಬದಲಾಗುತ್ತದೆ. ಉಪ್ಪುನೀರಿನ ಲೋಟದಲ್ಲಿ ಈ ಆಟ ಕಾಣದು. ಸಕ್ಕರೆಯ ಅಣುವಿಗೆ ಕೈಭೇದ ಇದೆ, ಉಪ್ಪಿಗೆ ಇಲ್ಲ.

ನಮ್ಮ ಮೂಗಿಗೂ ಈ ವ್ಯತ್ಯಾಸ ಗೊತ್ತು. ಸಬ್ಬಸಿಗೆ ಬೀಜದ ಘಮಕ್ಕೆ ಕಾರಣವಾದ ಕಾರ್ವೋನ್ ಮತ್ತು ಪುದೀನದ ಒಂದು ಜಾತಿಯಾದ ಸ್ಪಿಯರ್‌ಮಿಂಟಿನ ಕಾರ್ವೋನ್ ಪರಸ್ಪರ ಕನ್ನಡಿ ಬಿಂಬಗಳು. ಕಾಗದದ ಮೇಲೆ ಬರೆದ ಸೂತ್ರ ಒಂದೇ, ಪರಿಮಳ ಮಾತ್ರ ಬೇರೆ. ಮೂಗಿನೊಳಗಿನ ಗ್ರಾಹಕಗಳೂ ಕೈಭೇದವುಳ್ಳ ಪ್ರೋಟೀನುಗಳು. ಬಲಗೈ ಗವಸಿಗೆ ಬಲಗೈಯೇ ಬೇಕು.

ಮೂಗಿನ ವಿಷಯದಲ್ಲಿ ಇದು ಬರಿಯ ಕುತೂಹಲ, ಔಷಧದ ವಿಷಯದಲ್ಲಿ ಹಾಗಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ದೆಯ ಔಷಧವನ್ನು ಗರ್ಭಿಣಿಯರೂ ವಾಕರಿಕೆಗೆಂದು ಸೇವಿಸಿದರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅದರಲ್ಲೂ ಎರಡು ಬಿಂಬಗಳ ಮಿಶ್ರಣವಿತ್ತು. ‘ಒಳ್ಳೆಯ ಬಿಂಬವನ್ನಷ್ಟೇ ಕೊಟ್ಟಿದ್ದರೆ ದುರಂತ ತಪ್ಪುತ್ತಿತ್ತು’ ಎಂದು ತರಗತಿಗಳಲ್ಲಿ ಹೇಳುವ ವಾಡಿಕೆಯಿದೆ. ಅದು ಪೂರ್ತಿ ಸರಿಯಲ್ಲ. ಥಾಲಿಡೊಮೈಡಿನ ಯಾವ ಬಿಂಬವನ್ನೇ ಕೊಟ್ಟರೂ ಮೈಯೊಳಗೆ ಅದು ಇನ್ನೊಂದಾಗಿ ಬದಲಾಗುತ್ತದೆ. ಆದರೂ ಬಿಂಬಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕೆಂಬ ಎಚ್ಚರ ಬಲವಾಗಲು ಈ ಹೆಸರು ನೆರವಾಯಿತು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಬಗ್ಗೆ ನೀತಿಯನ್ನೇ ಪ್ರಕಟಿಸಿತು. 1963ರಲ್ಲಿ ಆರಂಭವಾದ ಮಣಿಪಾಲದ ಔಷಧ ವಿಜ್ಞಾನ ಕಾಲೇಜಿನಂಥ ಕಡೆ ಇಂದು ಕಲಿಯುವ ವಿದ್ಯಾರ್ಥಿಗೆ ಇದು ಪಠ್ಯದ ಮೂಲೆಯ ಟಿಪ್ಪಣಿಯಲ್ಲ, ವೃತ್ತಿಯ ಪ್ರಥಮ ಪಾಠಗಳಲ್ಲಿ ಒಂದು.

(ಒಂದು ಎಚ್ಚರಿಕೆ: ಒಂದೇ ಬಿಂಬದ ಔಷಧವೆಲ್ಲ ಮಿಶ್ರಣಕ್ಕಿಂತ ಮೇಲು ಎಂದೇನಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ಬದಲಿಸಬಾರದು.)

ಹದಿನೇಳು ಪರಮಾಣುಗಳ ಅಣು

ಪ್ರಯೋಗಾಲಯದಲ್ಲಿ ಸಾಮಾನ್ಯ ರೀತಿಯಲ್ಲಿ ಇಂಥ ಅಣುವನ್ನು ತಯಾರಿಸಿದರೆ ಎಡ ಬಲ ಎರಡೂ ಅರ್ಧರ್ಧ ಹುಟ್ಟುತ್ತವೆ. ಒಂದನ್ನೇ ಹುಟ್ಟಿಸಬೇಕಾದರೆ ಕ್ರಿಯೆ ನಡೆಸಿಕೊಡುವ ಕ್ರಿಯಾವರ್ಧಕಕ್ಕೇ ಕೈಭೇದ ಇರಬೇಕು. ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಇದಕ್ಕೆ ಎರಡೇ ದಾರಿ ಎಂದು ಬಹುಮಂದಿ ನಂಬಿದ್ದರು. ಒಂದು, ಜೀವಕೋಶದ ಕಿಣ್ವಗಳು. ಇನ್ನೊಂದು, ರೋಡಿಯಮ್, ಪಲ್ಲಾಡಿಯಮ್‌ನಂಥ ಲೋಹಗಳಿಗೆ ಕೈಭೇದವುಳ್ಳ ಅಣುಗಳ ಕವಚ ತೊಡಿಸುವುದು. ಈ ಎರಡನೆಯ ದಾರಿ ದೊಡ್ಡ ಸಾಧನೆಯೇ ಸರಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಔಷಧವನ್ನು ಹೀಗೆ ತಯಾರಿಸಿದ ವಿಲಿಯಮ್ ನೋಲ್ಸ್ ಇನ್ನಿಬ್ಬರ ಜತೆ 2001ರ ನೊಬೆಲ್ ಪಡೆದರು. ಆದರೆ ಇಂಥ ಲೋಹಗಳು ತುಟ್ಟಿ. ಹಲವಕ್ಕೆ ಗಾಳಿ, ತೇವ ತಗಲಬಾರದು. ಔಷಧದಲ್ಲಿ ಅವುಗಳ ಚೂರು ಉಳಿಯದಂತೆ ತೆಗೆಯುವುದೂ ಒಂದು ತಲೆನೋವು.

ಬೆಂಜಮಿನ್ ಲಿಸ್ಟ್ ಹುಟ್ಟಿದ್ದು 1968ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ. 1997ರಲ್ಲಿ ಪಿಎಚ್.ಡಿ. ಮುಗಿಸಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ರಿಚರ್ಡ್ ಲರ್ನರ್ ಮತ್ತು ಕಾರ್ಲೋಸ್ ಬಾರ್ಬಾಸ್ ಅವರ ಗುಂಪು ಪ್ರತಿಕಾಯಗಳನ್ನು ಕಿಣ್ವಗಳಂತೆ ದುಡಿಸುವ ಪ್ರಯತ್ನದಲ್ಲಿತ್ತು. ಅವು ನಡೆಸಿಕೊಡುತ್ತಿದ್ದ ಕ್ರಿಯೆಗಳಲ್ಲಿ ಒಂದು, ನಮ್ಮ ಪಿಯುಸಿ ಮಕ್ಕಳಿಗೂ ಪರಿಚಿತವಾದ ಆಲ್ಡಾಲ್ ಕ್ರಿಯೆ. ಪ್ರತಿಕಾಯವೆಂದರೆ ಸಾವಿರಾರು ಪರಮಾಣುಗಳ ದೈತ್ಯ ಅಣು. ಆದರೆ ನಿಜವಾದ ಕೆಲಸ ಮಾಡುತ್ತಿದ್ದುದು ಅದರೊಳಗಿನ ಒಂದೆರಡು ಅಮೈನೋ ಆಮ್ಲಗಳು. ಹಾಗಿದ್ದರೆ ಉಳಿದ ದೇಹವೆಲ್ಲ ಯಾಕೆ? ಒಂದೇ ಒಂದು ಅಮೈನೋ ಆಮ್ಲ ಈ ಕೆಲಸ ಮಾಡಲಾರದೆ?

ಲಿಸ್ಟ್ ಎತ್ತಿಕೊಂಡದ್ದು ಪ್ರೋಲೀನನ್ನು. ನಮ್ಮ ಚರ್ಮ, ಎಲುಬುಗಳ ಕೊಲ್ಲಾಜೆನ್‌ನಲ್ಲಿ ಧಾರಾಳವಾಗಿರುವ ಸಾದಾ ಅಮೈನೋ ಆಮ್ಲ ಇದು. ಐದು ಇಂಗಾಲ, ಒಂಬತ್ತು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕ. ಒಟ್ಟು 17 ಪರಮಾಣು. ವಿಷವಲ್ಲ, ಅಗ್ಗ. ಎಷ್ಟೋ ಜೀವರಸಾಯನ ಪ್ರಯೋಗಾಲಯಗಳ ಕಪಾಟಿನಲ್ಲಿ ಅದರ ಬಾಟಲಿ ಇದ್ದೇ ಇತ್ತು.

ಇನ್ನೂ ಅಚ್ಚರಿಯ ಸಂಗತಿ ಬೇರೆ ಇದೆ. 1971ರಷ್ಟು ಹಿಂದೆಯೇ ಬರ್ಲಿನಿನ ಷೆರಿಂಗ್ ಕಂಪೆನಿಯ ಮತ್ತು ಅಮೆರಿಕದ ಹಾಫ್‌ಮನ್-ಲಾ ರೋಷ್ ಕಂಪೆನಿಯ ರಸಾಯನ ವಿಜ್ಞಾನಿಗಳು, ಪರಸ್ಪರ ಸಂಬಂಧವಿಲ್ಲದೆ, ಪ್ರೋಲೀನನ್ನು ಇಂಥ ಕೆಲಸಕ್ಕೆ ಬಳಸಿದ್ದರು. ಸ್ಟೀರಾಯ್ಡ್ ಔಷಧಗಳಿಗೆ ಬೇಕಾದ ಒಂದು ಜೋಡಿ ಉಂಗುರವನ್ನು ಕಟ್ಟಲು ಅವರಿಗೆ ಅದು ನೆರವಾಗಿತ್ತು. ಲೇಖನ ಅಚ್ಚಾಯಿತು, ಜನ ಓದಿದರು, ಪಠ್ಯಗಳಲ್ಲೂ ಸೇರಿತು. ಆದರೆ ಆ ಒಂದು ಉಂಗುರಕ್ಕೆ ಸೀಮಿತವಾದ ಚಮತ್ಕಾರವೆಂದು ಅದನ್ನು ಬದಿಗಿಟ್ಟರು. ಪ್ರೋಲೀನ್ ಅಲ್ಲಿ ಹೇಗೆ ಕೆಲಸ ಮಾಡಿತು, ಬೇರೆ ಕಡೆಯೂ ಮಾಡೀತೇ ಎಂದು ಕೇಳಿ, ಸಾದಾ ಆಲ್ಡಾಲ್ ಕ್ರಿಯೆಯಲ್ಲಿ ಅದನ್ನು ಇಟ್ಟು ನೋಡಿದ ಫಲಿತಾಂಶ ಬೆಳಕಿಗೆ ಬರಲು 29 ವರ್ಷ ಬೇಕಾಯಿತು.

ಲಿಸ್ಟ್ ಅವರಿಗೂ ಅಳುಕಿತ್ತು. ಇಷ್ಟು ಸುಲಭದ ಪ್ರಯೋಗವನ್ನು ಯಾರೋ ಮಾಡಿ ಸೋತಿರಬೇಕು, ಇಲ್ಲದಿದ್ದರೆ ಇಷ್ಟು ಕಾಲ ಸುಮ್ಮನಿರುತ್ತಿದ್ದರೇ ಎಂಬ ಅಳುಕು. ಆಗಷ್ಟೇ ಸ್ವತಂತ್ರ ಹುದ್ದೆಗೆ ಬಂದಿದ್ದ ತರುಣನಿಗೆ ಅದು ಸಹಜ. ಆದರೂ ಅಸಿಟೋನ್, ಒಂದು ಆಲ್ಡಿಹೈಡ್, ಚಿಟಿಕೆ ಪ್ರೋಲೀನ್ ಸೇರಿಸಿ ಕಲಕಿದರು. ಕ್ರಿಯೆ ನಡೆಯಿತು. ನೈಟ್ರೋಬೆಂಜಾಲ್ಡಿಹೈಡಿನ ಜತೆಗೆ ಸಿಕ್ಕ ಉತ್ಪನ್ನದಲ್ಲಿ ನೂರರಲ್ಲಿ 88 ಅಣುಗಳು ಒಂದು ಕೈಯವು, 12 ಮಾತ್ರ ಇನ್ನೊಂದು ಕೈಯವು. ಬೇರೊಂದು ಆಲ್ಡಿಹೈಡಿನಲ್ಲಿ ಈ ಪ್ರಮಾಣ 98ಕ್ಕೆ 2. ಲಿಸ್ಟ್, ಲರ್ನರ್, ಬಾರ್ಬಾಸ್ ಮೂವರ ಹೆಸರಿನ ಪುಟ್ಟ ಲೇಖನ 2000ದಲ್ಲಿ ಪ್ರಕಟವಾಯಿತು. ಬಾರ್ಬಾಸ್ 2014ರಲ್ಲೇ ತೀರಿಕೊಂಡರು. ನೊಬೆಲ್ ಪ್ರಶಸ್ತಿ ಗತಿಸಿದವರಿಗೆ ಸಲ್ಲುವುದಿಲ್ಲ.

ಗುಟ್ಟು ಇಷ್ಟೇ. ಪ್ರೋಲೀನಿನ ಸಾರಜನಕ ಅಸಿಟೋನನ್ನು ತಾತ್ಕಾಲಿಕವಾಗಿ ಹಿಡಿದುಕೊಳ್ಳುತ್ತದೆ. ಅದರ ಆಮ್ಲದ ತುದಿ, ಎದುರು ಬರುವ ಆಲ್ಡಿಹೈಡನ್ನು ಜಲಜನಕದ ಕೊಂಡಿ ಹಾಕಿ ತನ್ನ ಕಡೆಗೆ ತಿರುಗಿಸಿ ನಿಲ್ಲಿಸುತ್ತದೆ. ಹೀಗೆ ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಹೂವು ಹಿಡಿದು ಶಂಕರಪುರದ ಮಲ್ಲಿಗೆ ಕಟ್ಟುವವರಂತೆ, ಗಂಟು ಪ್ರತಿ ಸಲವೂ ಒಂದೇ ಬದಿಗೆ ಬೀಳುವಂತೆ ಮಾಡಿ, ಪ್ರೋಲೀನ್ ಕಳಚಿಕೊಂಡು ಮುಂದಿನ ಜೋಡಿಗೆ ಹೊರಡುತ್ತದೆ.

ಅದೇ 2000ದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೆಕ್‌ಮಿಲನ್ ಲೋಹವಿಲ್ಲದ ಇನ್ನೊಂದು ಸಣ್ಣ ಅಣುವಿನಿಂದ ಡೀಲ್ಸ್-ಆಲ್ಡರ್ ಕ್ರಿಯೆಯನ್ನು ಒಂದೇ ಕೈಗೆ ತಿರುಗಿಸಿ ತೋರಿಸಿದರು. ‘ಆರ್ಗನೋಕೆಟಲಿಸಿಸ್’ ಎಂದು ಈ ವಿದ್ಯೆಗೆ ಹೆಸರಿಟ್ಟು ಹರಡಿದವರೂ ಅವರೇ. 1954ರಲ್ಲಿ 29 ಹಂತಗಳಲ್ಲಿ ತಯಾರಾದ ಸ್ಟ್ರಿಕ್ನೀನ್ ಎಂಬ ಜಟಿಲ ಅಣುವನ್ನು ಅವರ ಗುಂಪು 2011ರಲ್ಲಿ 12 ಹಂತಗಳಲ್ಲಿ ಕಟ್ಟಿತು. (ಪ್ರಶಸ್ತಿಯ ಸುದ್ದಿ ಬಂದಾಗ ಯಾರೋ ಕೀಟಲೆ ಮಾಡುತ್ತಿದ್ದಾರೆಂದು ಮೆಕ್‌ಮಿಲನ್ ಲಿಸ್ಟ್ ಜತೆ ಸಾವಿರ ಡಾಲರ್ ಪಂಥ ಕಟ್ಟಿ ಮತ್ತೆ ಮಲಗಿದರಂತೆ!)

ಮೊದಲ ಪ್ರಯೋಗಗಳಲ್ಲಿ ದೋಷವಿರಲಿಲ್ಲವೆಂದಲ್ಲ. ನೂರು ಅಣುಗಳ ಕೆಲಸಕ್ಕೆ ಲಿಸ್ಟ್ ಮೂವತ್ತು ಅಣು ಪ್ರೋಲೀನ್ ಬಳಸಿದ್ದರು. ಕ್ರಿಯಾವರ್ಧಕಕ್ಕೆ ಇದು ದುಂದು. 2018ರ ಹೊತ್ತಿಗೆ ಅವರದೇ ಗುಂಪು ಕೆಲವು ಕ್ರಿಯೆಗಳಲ್ಲಿ ಇದನ್ನು ಹತ್ತು ಲಕ್ಷಕ್ಕೆ ಒಂದೆರಡು ಅಣುಗಳ ಮಟ್ಟಕ್ಕೆ ಇಳಿಸಿತು.

ಬೆಂಗಳೂರಿನ ಗೊಮ್ಮಟ

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿಯ ಸಾವಯವ ರಸಾಯನ ವಿಜ್ಞಾನ ವಿಭಾಗದಲ್ಲಿ 2010ರಿಂದ ಡಾ. ಸಂತನು ಮುಖರ್ಜಿ ಕೆಲಸ ಮಾಡುತ್ತಿದ್ದಾರೆ. ಅವರು ಪಿಎಚ್.ಡಿ. ಮಾಡಿದ್ದು ಜರ್ಮನಿಯ ಕಲೋನ್ ವಿಶ್ವವಿದ್ಯಾನಿಲಯದಲ್ಲಿ, ಆಲ್ಬ್ರೆಕ್ಟ್ ಬರ್ಕೆಸೆಲ್ ಅವರ ಮಾರ್ಗದರ್ಶನದಲ್ಲಿ. ವಿಷಯ ಇದೇ: ಲೋಹವಿಲ್ಲದ, ಕೈಭೇದವುಳ್ಳ ಕ್ರಿಯಾವರ್ಧಕಗಳು. 2006ರಲ್ಲಿ ಅದನ್ನು ಮುಗಿಸಿ ಮುಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಲಿಸ್ಟ್ ಅವರ ಗುಂಪು ಸೇರಿದರು. ನೊಬೆಲ್‌ಗೆ ಇನ್ನೂ ಹದಿನೈದು ವರ್ಷವಿತ್ತು. ಯಾರಿಗೂ ಅದರ ಸುಳಿವಿರಲಿಲ್ಲ.

2007ರಲ್ಲಿ ಲಿಸ್ಟ್ ಮತ್ತು ಸಂಗಡಿಗರು ಪ್ರೋಲೀನ್ ಬಗೆಯ ಕ್ರಿಯೆಗಳ ಬಗ್ಗೆ ಬರೆದ ಸುದೀರ್ಘ ಸಮೀಕ್ಷೆ ‘ಕೆಮಿಕಲ್ ರಿವ್ಯೂಸ್’ ಪತ್ರಿಕೆಯಲ್ಲಿ ಬಂತು. ಅದರ ಮೊದಲ ಹೆಸರು ಮುಖರ್ಜಿಯವರದು. ಈ ವಿಷಯಕ್ಕೆ ಇಳಿಯುವ ವಿದ್ಯಾರ್ಥಿಗಳು ಅದನ್ನು ಇಂದಿಗೂ ತೆರೆಯುತ್ತಾರೆ. ಅದೇ ವರ್ಷ ಇಬ್ಬರೂ ಸೇರಿ ಮತ್ತೊಂದು ಕುತೂಹಲದ ಕೆಲಸ ಮಾಡಿದರು: ಲೋಹ ಬೇಕೋ ಬೇಡವೋ ಎಂಬ ಜಗಳ ಬಿಟ್ಟು, ಪಲ್ಲಾಡಿಯಮ್ ಮತ್ತು ಕೈಭೇದವುಳ್ಳ ಒಂದು ಆಮ್ಲವನ್ನು ಒಂದೇ ಪಾತ್ರೆಯಲ್ಲಿ ಜತೆಯಾಗಿ ದುಡಿಸಿದರು. ಆಮೇಲೆ ಮುಖರ್ಜಿ ಹಾರ್ವರ್ಡ್‌ಗೆ ಹೋಗಿ, 1990ರ ನೊಬೆಲ್ ವಿಜೇತ ಇ. ಜೆ. ಕೋರಿ ಅವರ ಬಳಿ ದುಡಿದು, ಭಾರತಕ್ಕೆ ಮರಳಿದರು.

ಅವರ ಗುಂಪು ಬೆಂಗಳೂರಿನಲ್ಲಿ ಮಾಡಿದ ಒಂದು ಕೆಲಸವನ್ನು ಮಾತ್ರ ಇಲ್ಲಿ ನೋಡೋಣ. ಕಾರ್ಕಳದ ಗೊಮ್ಮಟನನ್ನು ನೆನಪಿಸಿಕೊಳ್ಳಿ. ಐದು ಇಂಗಾಲಗಳ ಒಂದು ಉಂಗುರವಿದೆ. ಅದರ ನಡುವೆ ಗೆರೆ ಎಳೆದರೆ ಎಡ ಬಲ ಎರಡೂ ಒಂದೇ. ಗೊಮ್ಮಟನಿಗೆ ಎರಡು ತೋಳು ಇರುವಂತೆ ಇದಕ್ಕೆ ದ್ವಿಬಂಧದ ಎರಡು ಇಂಗಾಲಗಳು. ಹೊಸ ಗುಂಪೊಂದನ್ನು ಒಂದೇ ಇಂಗಾಲಕ್ಕೆ ಅಂಟಿಸಿದರೆ ಅಣುವಿನ ಸಮಮಿತಿ ಮುರಿದು ಕೈಭೇದ ಹುಟ್ಟುತ್ತದೆ. ಆದರೆ ಎಡವೋ ಬಲವೋ ಎಂದು ಆರಿಸುವವರು ಯಾರು? ಎರಡೂ ಒಂದೇ ತೆರನಾಗಿವೆಯಲ್ಲ! ಆರಿಸುವುದು ಕ್ರಿಯಾವರ್ಧಕ. ಕೈಭೇದವುಳ್ಳ ಸಣ್ಣ ಸಾವಯವ ಅಣುವೊಂದು ಉಂಗುರವನ್ನು ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲಿಸಿದರೆ ಬಳ್ಳಿ ಪ್ರತಿ ಸಲವೂ ಒಂದೇ ತೋಳಿಗೆ ಹಬ್ಬುತ್ತದೆ. 2015ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಈ ಕೆಲಸದಲ್ಲಿ ಬಳ್ಳಿಯಾಗಿ ಬಳಸಿದ್ದು ಸುಲಭವಾಗಿ ಸಿಗುವ ನೈಟ್ರೋಆಲ್ಕೇನ್‌ಗಳನ್ನು. ಅಂಟಿಕೊಂಡ ಮೇಲೆ ನೈಟ್ರೋ ಗುಂಪು ತಾನಾಗಿ ಕಳಚಿ ಹೋಗುತ್ತದೆ. ಲೋಹದ ಸುಳಿವಿಲ್ಲ.

ಇಂಥ ಕ್ರಿಯಾವರ್ಧಕಗಳಲ್ಲಿ ಅನೇಕವನ್ನು ತಯಾರಿಸುವುದು ಸಿಂಕೋನಾ ಮರದ ತೊಗಟೆಯಿಂದ ಬರುವ ವಸ್ತುಗಳಿಂದ. ನಮ್ಮ ಅಜ್ಜಂದಿರಿಗೆ ಮಲೇರಿಯಾ ಚಳಿ ಬಂದಾಗ ಕುಡಿಸುತ್ತಿದ್ದ ಕಹಿ ಕ್ವಿನೈನ್ ಆ ಮರದ್ದೇ. ಕೈಭೇದವನ್ನು ಮರವೇ ಕೊಟ್ಟಿರುತ್ತದೆ. ರಸಾಯನ ವಿಜ್ಞಾನಿ ಅದನ್ನು ಎರವಲು ಪಡೆಯುತ್ತಾನೆ.

ಉಡುಪಿ, ಕಾರ್ಕಳದ ಕಡೆ ಪಿಯುಸಿಯಲ್ಲಿ ರಸಾಯನ ವಿಜ್ಞಾನಕ್ಕೆ ನೂರಕ್ಕೆ ತೊಂಬತ್ತರ ಮೇಲೆ ತೆಗೆಯುವ ಮಕ್ಕಳಿಗೆ ಕೊರತೆಯಿಲ್ಲ. ಆ ಅಂಕ ವೈದ್ಯಕೀಯ, ಎಂಜಿನಿಯರಿಂಗ್ ಸೀಟಿನ ಮೆಟ್ಟಿಲಾಗಿ ಅಲ್ಲಿಗೇ ಮುಗಿಯುತ್ತದೆ. ಯಾರಾದರೂ ಬಿ.ಎಸ್ಸಿ. ಎಂದರೆ ‘ಮುಂದೆ ಏನು ಮಾಡುತ್ತೀ ಮಗಾ?’ ಎಂದು ತಂದೆ ತಾಯಿ ಕೇಳುವುದು ತಪ್ಪಲ್ಲ. ದಾರಿ ಉದ್ದವಾದದ್ದೇ. ಪಿಎಚ್.ಡಿ. ಸೇರಿ ಹತ್ತು ವರ್ಷವಾದರೂ ಬೇಕು, ಪಿಎಚ್.ಡಿ.ಯ ನಂತರವೂ ಊರೂರು ಸುತ್ತಬೇಕಾದೀತು, ಹುದ್ದೆ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಇದನ್ನು ಮುಚ್ಚಿಟ್ಟು ಹುರಿದುಂಬಿಸುವುದು ಮಕ್ಕಳಿಗೆ ಮಾಡುವ ಮೋಸ. ಹಾಗೆಯೇ, ಔಷಧ ಕಂಪೆನಿಗಳ ಸಂಶೋಧನಾ ವಿಭಾಗಗಳಿಗೆ ಒಂದೇ ಕೈಯ ಅಣು ತಯಾರಿಸಬಲ್ಲವರು ಬೇಕೇ ಬೇಕು ಎಂಬುದನ್ನು ಹೇಳದಿರುವುದೂ ಅರ್ಧ ಸತ್ಯವೇ.

ಹೋಗಬೇಕೆನ್ನುವವರಿಗೆ ಬಾಗಿಲುಗಳಿವೆ. ಪಿಯುಸಿಯ ನಂತರ ನೇರವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೆ ಅಥವಾ ಐಸರ್ ಸಂಸ್ಥೆಗಳಿಗೆ ಸೇರಬಹುದು. ಅದು ತಪ್ಪಿದರೂ ಎದೆಗುಂದಬೇಕಿಲ್ಲ. ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ. ಓದಿ, ಕೊನೆಯ ವರ್ಷದಲ್ಲಿರುವಾಗಲೇ ಐಐಟಿಗಳು ನಡೆಸುವ ‘ಜ್ಯಾಮ್’ ಪರೀಕ್ಷೆ ಬರೆಯಬಹುದು. ಅದರಲ್ಲಿ ಒಳ್ಳೆಯ ಸ್ಥಾನ ಪಡೆದವರಿಗೆ ಐಐಟಿಗಳ ಎಂ.ಎಸ್ಸಿ. ಇದೆ, ಮುಖರ್ಜಿಯವರ ಪ್ರಯೋಗಾಲಯವಿರುವ ಸಂಸ್ಥೆಯಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡುವ ಸಂಯೋಜಿತ ಕೋರ್ಸ್ ಇದೆ. ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿ ಕರೆಯುವುದು ಮಳೆಗಾಲ ಮುಗಿಯುವ ಹೊತ್ತಿಗೆ; ಡಿಸೆಂಬರಿನಲ್ಲಿ ವಿಚಾರಿಸಿದರೆ ಬಾಗಿಲು ಮುಚ್ಚಿರುತ್ತದೆ.